ಕೇಳಿ, ಹೇಳುತ್ತೇವೆ: ಹರಾಜಿನಲ್ಲಿ ಹಳೆಯ ಚಿನ್ನದ ವಾಚು

ಹಳೆಯ ಕೈಗಡಿಯಾರಗಳ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಚಿನ್ನದ ವಾಚುಗಳದ್ದೇ ಮಾತು. ಇಂಗ್ಲೆಂಡ್, ಜಿನೀವಾಗಳ ಹರಾಜಿನಲ್ಲಿ ಸವಾಲು ಕೂಗಲು ಹೊರಟವರು ಕೇಳಿದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರ ಹತ್ತಿರದ ಹರಾಜುಮನೆಯ ಕ್ಯಾಟಲಾಗಿನಲ್ಲಿ 1950ರ ದಶಕದ 9 ಕ್ಯಾರೆಟ್ ಚಿನ್ನದ ಓಮೆಗಾ ಇದೆ. ಅಂದಾಜು ಬೆಲೆ 600ರಿಂದ 800 ಪೌಂಡ್. ನನ್ನ ಕೈಯಲ್ಲಿರುವುದು ಒಟ್ಟು 1,000 ಪೌಂಡ್. ಎಲ್ಲಿಯವರೆಗೆ ಕೂಗಬಹುದು?
– ಓದುಗರು, ಲೆಸ್ಟರ್

ಉತ್ತರ: ಮನೆಯಲ್ಲಿ ಕೂತು ಜಾಲತಾಣದಲ್ಲಿ ಕೂಗುವುದಾದರೆ 700ಕ್ಕೆ ನಿಲ್ಲಿಸಿ. ಹರಾಜುಗಾರ ಸುತ್ತಿಗೆ ಬಡಿದ ಬೆಲೆಯೇ ಬೇರೆ, ನಿಮ್ಮ ಕೈಬಿಡುವ ಹಣವೇ ಬೇರೆ. ಸುತ್ತಿಗೆ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಇರುತ್ತದೆ. ಇಂಗ್ಲೆಂಡಿನ ಸಣ್ಣ ಊರುಗಳ ಹರಾಜುಮನೆಗಳಲ್ಲಿ ಅದು ಸಾಮಾನ್ಯವಾಗಿ ಶೇ 25ರ ಆಸುಪಾಸು. ಆ ಕಮಿಷನ್ನಿನ ಮೇಲೆ ಶೇ 20 ವ್ಯಾಟ್. ಹರಾಜನ್ನು ನೇರವಾಗಿ ತೋರಿಸುವ ಜಾಲತಾಣದ ಮೂಲಕ ಕೂಗಿದರೆ ಅವರದ್ದೂ ಸುಮಾರು ಶೇ 5, ಅದಕ್ಕೂ ವ್ಯಾಟ್. ಹೀಗೆ 100 ಪೌಂಡಿನ ಕೂಗಿಗೆ 25, 5, 5, 1 ಸೇರಿ 136 ಪೌಂಡ್ ಆಗುತ್ತದೆ.

ಈಗ ಹಿಂದಿನಿಂದ ಲೆಕ್ಕ ಹಾಕಿ. 1,000ವನ್ನು 1.36ರಿಂದ ಭಾಗಿಸಿದರೆ 735. ಆದರೆ 735 ಎಂದು ಕೂಗಲು ಆಗುವುದಿಲ್ಲ. 500 ದಾಟಿದ ಮೇಲೆ ಬಹುತೇಕ ಕಡೆ ಸವಾಲು 50ರ ಮೆಟ್ಟಿಲಲ್ಲಿ ಏರುತ್ತದೆ. 700ಕ್ಕೆ ಗೆದ್ದರೆ 952 ಆಯಿತು, ಉಳಿದ 48 ಅಂಚೆ ಮತ್ತು ವಿಮೆಗೆ. 750ಕ್ಕೆ ಹೋದರೆ 1,020, ಆಗಲೇ ಕೈಮೀರಿತು. ಅದೇ ನೀವೇ ಹರಾಜಿನ ಕೋಣೆಗೆ ಹೋಗಿ ಕೂತರೆ ಜಾಲತಾಣದ ಪಾಲು ಉಳಿಯುತ್ತದೆ. ಆಗ 750ರ ಕೂಗಿಗೂ 975 ಅಷ್ಟೆ. ಒಂದು ಬಸ್ ಟಿಕೆಟ್ಟಿನಲ್ಲಿ ಒಂದು ಕೂಗು ಹೆಚ್ಚು ಸಿಕ್ಕಂತೆ, ಜೊತೆಗೆ ಮುನ್ನಾ ದಿನ ವಾಚನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ. ಅಂಚೆಯಲ್ಲಿ ತರಿಸಲೇಬೇಕಾದರೆ ರಾಯಲ್ ಮೇಲ್‌ನ ಸ್ಪೆಷಲ್ ಡೆಲಿವರಿಯಲ್ಲಿ 2,500 ಪೌಂಡ್‌ವರೆಗಿನ ಪರಿಹಾರದ ದರ್ಜೆಯನ್ನೇ ಕೇಳಿ. ಮಾಮೂಲಿ ಪಾರ್ಸೆಲ್‌ನಲ್ಲಿ ಚಿನ್ನ ಕಳೆದರೆ ಕೇಳುವವರಿಲ್ಲ.

ಕ್ಯಾಟಲಾಗಿನಲ್ಲಿ ಲಾಟ್ ಸಂಖ್ಯೆಯ (ಹರಾಜಿನ ಕ್ರಮಸಂಖ್ಯೆಯ) ಪಕ್ಕದಲ್ಲಿ ನಕ್ಷತ್ರವೋ ಕತ್ತಿಯಂಥ ಗುರುತೋ ಇದ್ದರೆ ಎಚ್ಚರ. ಕಮಿಷನ್ನಿನ ಮೇಲಷ್ಟೇ ಅಲ್ಲದೆ ಸುತ್ತಿಗೆ ಬೆಲೆಯ ಮೇಲೂ ತೆರಿಗೆ ಇದೆ ಎಂಬುದಕ್ಕೆ ಅಂಥ ಗುರುತು ಹಾಕುತ್ತಾರೆ. ಯಾವುದಕ್ಕೆ ಯಾವ ಅರ್ಥ ಎಂಬುದು ಕ್ಯಾಟಲಾಗಿನ ಕೊನೆಯ ಪುಟಗಳಲ್ಲಿರುತ್ತದೆ. ಇನ್ನೊಂದು ಮಾತು: 600–800 ಎಂಬ ಅಂದಾಜಿನಲ್ಲಿ ಕಮಿಷನ್ ಸೇರಿರುವುದಿಲ್ಲ. ಮಾರುವವರ ಗುಪ್ತ ಕನಿಷ್ಠ ಬೆಲೆ ಸಾಮಾನ್ಯವಾಗಿ ಕೆಳ ಅಂದಾಜಿಗಿಂತ ಹೆಚ್ಚಿರುವುದಿಲ್ಲ. ಆ ಬೆಲೆ ಮುಟ್ಟುವ ತನಕ ಹರಾಜುಗಾರ ಮಾರುವವರ ಪರವಾಗಿ ತಾನೇ ಕೂಗಬಹುದು, ಅದು ನಿಯಮದಲ್ಲೇ ಇದೆ. ಆದ್ದರಿಂದ 500ರ ಹೊತ್ತಿಗೆ ‘ಯಾರೋ ಪೈಪೋಟಿಗೆ ಬಿದ್ದಿದ್ದಾರೆ’ ಎಂದು ಬಿಸಿಯಾಗಬೇಡಿ. ಅಲ್ಲಿ ಇನ್ಯಾರೂ ಇಲ್ಲದಿರಬಹುದು.

ಪ್ರಶ್ನೆ: ಅಂಥದ್ದೇ ಒಂದು ವಾಚಿನ ಬೆನ್ನುಮುಚ್ಚಳ ತೆಗೆದ ಫೋಟೋದಲ್ಲಿ ‘ಡೆನಿಸನ್, ಮೇಡ್ ಇನ್ ಇಂಗ್ಲೆಂಡ್’ ಎಂದಿದೆ. ಓಮೆಗಾ ಸ್ವಿಸ್ ಕಂಪನಿಯಲ್ಲವೇ? ಇದು ನಕಲಿಯೇ?
– ಓದುಗರು, ರೆಡಿಂಗ್

ಉತ್ತರ: ನಕಲಿಯಲ್ಲ. ಡೆನಿಸನ್ ಬರ್ಮಿಂಗ್‌ಹ್ಯಾಮಿನ ಹೆಸರಾಂತ ಕೇಸು (ವಾಚಿನ ಹೊರಕವಚ) ತಯಾರಕರು, 1967ರಲ್ಲಿ ಬಾಗಿಲು ಮುಚ್ಚಿದರು. ಮಿಷಿನ್ನು ಸ್ವಿಟ್ಜರ್‌ಲೆಂಡಿನಿಂದ ಬಂದು ಚಿನ್ನದ ಕೇಸು ಇಂಗ್ಲೆಂಡಿನಲ್ಲೇ ಆಗುತ್ತಿದ್ದದ್ದು ಆ ಕಾಲದ ಮಾಮೂಲಿ ಪದ್ಧತಿ. ಅಮೆರಿಕದಲ್ಲೂ ಹಾಗೆಯೇ. ಅಲ್ಲಿ ಕೇಸು ಹಾಕಿದ 14 ಕ್ಯಾರೆಟ್ ಓಮೆಗಾ, ಲಾಂಜೀನ್‌ಗಳಲ್ಲಿ ಸ್ವಿಸ್ ಮುದ್ರೆ ಇಲ್ಲದಿದ್ದರೆ ಗಾಬರಿ ಬೇಡ.

ಇಂಗ್ಲೆಂಡಿನ ಕೇಸನ್ನು ಓದುವುದು ಹೀಗೆ. ಒಳಬದಿಯಲ್ಲಿ ಸಾಲಾಗಿ ಪುಟ್ಟ ಮುದ್ರೆಗಳಿರುತ್ತವೆ: ತಯಾರಕರ ಗುರುತು, ‘9’ ಮತ್ತು ‘.375’, ಪರೀಕ್ಷೆ ಮಾಡಿದ ಊರಿನ ಚಿಹ್ನೆ, ವರ್ಷದ ಅಕ್ಷರ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಲಂಗರಿನ ಜಾಗದಲ್ಲಿ ತ್ರಿಕೋನವಿದ್ದರೆ? ಪರೀಕ್ಷೆ ಬರ್ಮಿಂಗ್‌ಹ್ಯಾಮಿನಲ್ಲೇ ಆಗಿದೆ, ಆದರೆ ಕೇಸು ಹೊರದೇಶದಿಂದ ಬಂದದ್ದು. 1907ರಿಂದ ಆಮದಾದ ಚಿನ್ನದ ವಾಚುಗಳಿಗೂ ಬ್ರಿಟನ್ನಿನಲ್ಲಿ ಮುದ್ರೆ ಕಡ್ಡಾಯವಾಯಿತು. ದೇಶದ ಸರಕು ಯಾವುದು, ಹೊರಗಿನದು ಯಾವುದು ಎಂದು ಗೊತ್ತಾಗಲೆಂದೇ ಚಿಹ್ನೆ ಬೇರೆ ಇಟ್ಟರು. ಹೀಗಾಗಿ ‘ಡೆನಿಸನ್’ ಎಂದು ಬರೆದು ಪಕ್ಕದಲ್ಲಿ ತ್ರಿಕೋನವಿದ್ದರೆ ಎರಡು ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಂಥದ್ದನ್ನು ಬಿಟ್ಟುಬಿಡಿ.

ವರ್ಷದ ಅಕ್ಷರ ಓದುವಾಗ ಊರಿನ ಚಿಹ್ನೆಯನ್ನು ಮೊದಲು ನೋಡಬೇಕು. 1975ರಲ್ಲಿ ಎಲ್ಲ ಕಡೆ ಒಂದೇ ಅಕ್ಷರ ಎಂದಾಗುವ ತನಕ ಒಂದೊಂದು ಊರಿನ ಸರಣಿ ಬೇರೆಯಿತ್ತು. ಒಂದೇ ಅಕ್ಷರಕ್ಕೆ ಲಂಡನ್ನಿನಲ್ಲಿ ಒಂದು ವರ್ಷ, ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು. ಕೇಸಿನ ವರ್ಷಕ್ಕೂ ಮಿಷಿನ್ನಿನ ನಂಬರಿನಿಂದ ಸಿಗುವ ವರ್ಷಕ್ಕೂ ಒಂದೆರಡು ವರ್ಷ ವ್ಯತ್ಯಾಸ ಸಹಜ. ಹತ್ತು ವರ್ಷ ಇದ್ದರೆ ಕೇಸು ಒಂದರದ್ದು, ಮಿಷಿನ್ನು ಇನ್ನೊಂದರದ್ದು.

ಸ್ವಿಸ್ ಕೇಸಿನಲ್ಲಿ 18 ಕ್ಯಾರೆಟ್ಟಿಗೆ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆ, 14 ಕ್ಯಾರೆಟ್ಟಿಗೆ ಅಳಿಲು. 1995ರಲ್ಲಿ ಇವೆರಡನ್ನೂ ತೆಗೆದು ಸೇಂಟ್ ಬರ್ನಾರ್ಡ್ ನಾಯಿಯ ತಲೆಯನ್ನು ತಂದರು. ‘1955ರ ಚಿನ್ನದ ವಾಚು’ ಎಂದು ಕ್ಯಾಟಲಾಗು ಹೇಳಿ ಕೇಸಿನಲ್ಲಿ ನಾಯಿ ಕೂತಿದ್ದರೆ ಆ ಕೇಸಿಗೆ 1955 ಗೊತ್ತೇ ಇಲ್ಲ.

ಪ್ರಶ್ನೆ: ವಿದೇಶದಿಂದ ತಂದ ಹಳೆಯ ಚಿನ್ನದ ವಾಚಿನಲ್ಲಿ ನಮ್ಮ ಬಿಐಎಸ್ ಹಾಲ್‌ಮಾರ್ಕ್ ಇರುವುದಿಲ್ಲ. ಚಿನ್ನದಂಗಡಿಯ ಕ್ಯಾರೆಟ್ ಮೀಟರಿನಲ್ಲಿಟ್ಟು ನೋಡಿದರೆ ಸಾಕೇ?
– ಓದುಗರು, ಮೈಸೂರು

ಉತ್ತರ: ಹಾಲ್‌ಮಾರ್ಕ್ ಇಲ್ಲ ಎಂಬುದು ದೋಷವಲ್ಲ. ಕಡ್ಡಾಯ ಹಾಲ್‌ಮಾರ್ಕಿನಿಂದ ವಾಚು, ಫೌಂಟನ್ ಪೆನ್, ಕುಂದನ್ ಮುಂತಾದವನ್ನು ಹೊರಗಿಟ್ಟಿದ್ದಾರೆ.

ಕ್ಯಾರೆಟ್ ಮೀಟರ್ ಸಾಲದು. ಅದು ಮೈಮೇಲಿನ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಚಿನ್ನವನ್ನಷ್ಟೇ ನೋಡುತ್ತದೆ. ಹಳೆಯ ಗಿಲೀಟಿನ ಕೇಸುಗಳಲ್ಲಿ 20 ಮೈಕ್ರಾನ್, ಕೆಲವು ಓಮೆಗಾಗಳಲ್ಲಿ ಸ್ಟೀಲಿನ ಮೇಲೆ 80 ಮೈಕ್ರಾನ್ ದಪ್ಪದ ಚಿನ್ನದ ಹೊದಿಕೆ ಇರುತ್ತದೆ. ಮೀಟರು ಆ ಪದರದ ಒಳಗೇ ಉಳಿದು ‘ಅಪ್ಪಟ’ ಎನ್ನುತ್ತದೆ. ಹಾಗೆಂದು ಒರೆಗಲ್ಲಿಗೆ ಉಜ್ಜಿ ಆಮ್ಲ ಹಾಕಿಸಲು ಹೋಗಬೇಡಿ. ಅಕ್ಕಸಾಲಿಗೆ ಅದು ದಿನನಿತ್ಯದ ಕೆಲಸ, ವಾಚಿಗೆ ಮಾತ್ರ ಮಾಯದ ಗಾಯ.

ಕಣ್ಣಿನಲ್ಲೇ ನೋಡಬಹುದಾದ ಜಾಗಗಳಿವೆ. ಬೆಲ್ಟು ಬಿಚ್ಚಿ, ಬೆಲ್ಟು ಹಿಡಿದುಕೊಳ್ಳುವ ಕೇಸಿನ ಕಾಲುಗಳ ಒಳಮಗ್ಗುಲಿನಲ್ಲಿ ಸ್ಪ್ರಿಂಗ್ ಕಡ್ಡಿ ಕೂರುವ ತೂತಿನ ಅಂಚನ್ನು ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಘನ ಚಿನ್ನವಾದರೆ ತೂತಿನ ಒಳಗೋಡೆಯೂ ಅದೇ ಹಳದಿ. ಗಿಲೀಟಾದರೆ ಅಂಚಿನಲ್ಲಿ ತೆಳು ಹಳದಿ ಗೆರೆ, ಒಳಗೆ ಬೂದಿ ಬಣ್ಣ ಅಥವಾ ಹಿತ್ತಾಳೆಯ ಹಸಿರು. ಬೆನ್ನಿನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಮುಂದಿನ ಹಳದಿ ಗಿಲೀಟು ಎಂದೇ ಹಿಡಿಯಿರಿ. ‘ಪ್ಲಾಕೆ’, ‘ರೋಲ್ಡ್ ಗೋಲ್ಡ್’, ‘ಗೋಲ್ಡ್ ಫಿಲ್ಡ್’ ಇವೆಲ್ಲ ಹೊದಿಕೆಯ ಹೆಸರುಗಳೇ. ಅಮೆರಿಕದ ಕೇಸಿನಲ್ಲಿ ‘1/20 10 ಕೆ ಗೋಲ್ಡ್ ಫಿಲ್ಡ್’ ಎಂದಿದ್ದರೆ ತೂಕದ ಇಪ್ಪತ್ತನೇ ಒಂದು ಪಾಲು 10 ಕ್ಯಾರೆಟ್ ಚಿನ್ನ. 12 ಗ್ರಾಂ ಕೇಸಿನಲ್ಲಿ 0.6 ಗ್ರಾಂ, ಅದರಲ್ಲಿ ಶುದ್ಧ ಚಿನ್ನ ಕಾಲು ಗ್ರಾಂ. ಕ್ಯಾಟಲಾಗಿನಲ್ಲಿ ‘ಚಿನ್ನದ ಬಣ್ಣದ’ ಎಂದು ಬರೆದಿದ್ದರೆ ಹರಾಜುಮನೆಯವರು ಕೈತೊಳೆದುಕೊಂಡಿದ್ದಾರೆ ಎಂದರ್ಥ.

ಪ್ರಶ್ನೆ: 9 ಕ್ಯಾರೆಟ್, ಒಟ್ಟು ತೂಕ 32 ಗ್ರಾಂ ಎಂದು ಬರೆದಿದ್ದಾರೆ. ವಾಚು ನಿಂತರೂ ಚಿನ್ನದ ಬೆಲೆ ಬರುತ್ತದಲ್ಲ?
– ಓದುಗರು, ದಾವಣಗೆರೆ

ಉತ್ತರ: ಆ 32ರಲ್ಲಿ ಮಿಷಿನ್ನು, ಡಯಲ್ಲು, ಗಾಜು, ಕೆಲವೊಮ್ಮೆ ಬೆಲ್ಟೂ ಸೇರಿದೆ. 12 ಗ್ರಾಂ ಕಳೆಯಿರಿ, 20 ಉಳಿಯಿತು. ಅದರ ಶೇ 37.5 ಎಂದರೆ ಏಳೂವರೆ ಗ್ರಾಂ. ಅಂದಿನ ದರದಿಂದ ಗುಣಿಸಿ, ಕರಗಿಸುವವರ ಕಡಿತ ತೆಗೆದು, ನೀವು ಕೊಡುವ 136ರ ಲೆಕ್ಕದ ಎದುರಿಗಿಟ್ಟು ನೋಡಿ. ಚಿನ್ನ ಏರಿದಾಗಲೆಲ್ಲ ಸಾಧಾರಣ ಹೆಸರಿನ ಒಳ್ಳೆಯ ವಾಚುಗಳು ಕುಲುಮೆಗೆ ಹೋಗುತ್ತವೆ, ಮಿಷಿನ್ನುಗಳು ಅನಾಥವಾಗಿ ಬಿಡಿಭಾಗದ ಡಬ್ಬಿ ಸೇರುತ್ತವೆ. ಚಿನ್ನವೇ ಬೇಕಿದ್ದರೆ ನಾಣ್ಯ ಕೊಳ್ಳಿ. ವಾಚಿಗೆ ಕೊಡುವ ಹಣದ ದೊಡ್ಡ ಪಾಲು ಡಯಲ್ಲಿಗೆ ಮತ್ತು ಕೇಸಿನ ಅಂಚುಗಳಿಗೆ ಹೋಗುತ್ತದೆ.

ಪ್ರಶ್ನೆ: ಡಯಲ್ಲು ಹೊಸದರಂತೆ ಬೆಳ್ಳಗಿದೆ. ಒಳ್ಳೆಯದಲ್ಲವೇ? ಮತ್ತೆ ಬಣ್ಣ ಬಳಿದದ್ದೆಂದು ಗುರುತಿಸುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಎಪ್ಪತ್ತು ವರ್ಷದ ಡಯಲ್ಲು ಬೆಳ್ಳಗೆ ಹೊಳೆಯುತ್ತಿದ್ದರೆ ಮೊದಲು ಅನುಮಾನ, ಆಮೇಲೆ ಸಂತೋಷ. ಮತ್ತೆ ಬಳಿದ ಡಯಲ್ಲಿನಿಂದ ವಾಚಿನ ಬೆಲೆ ಅರ್ಧಕ್ಕೂ ಇಳಿಯಬಹುದು. ‘ಮುಂಬೈ ಸ್ಪೆಷಲ್’ ಎಂದು ನಮ್ಮವರು ನಗುವ ಢಾಳು ಬಣ್ಣದ ಡಯಲ್ಲು ದೂರದಿಂದಲೇ ಕೂಗಿ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಸರ್ವಿಸ್ ಮಾಡಿಸುವಾಗ ಮರ್ಯಾದೆಯಿಂದ ಬಳಿಸಿದ್ದನ್ನು ಪತ್ತೆ ಹಚ್ಚುವುದೇ ಕಷ್ಟ.

ಹರಾಜುಮನೆಗೆ ಮಿಂಚಂಚೆ ಬರೆದು ಮೂರು ಫೋಟೋ ಕೇಳಿ: 12ರ ಜಾಗ ಹತ್ತಿರದಿಂದ, 6ರ ಜಾಗ ಹತ್ತಿರದಿಂದ, ಮತ್ತು ಬೆಳಕು ಓರೆಯಾಗಿ ಬೀಳುವಂತೆ ಇಡೀ ಡಯಲ್ಲು. 6ರ ಕೆಳಗೆ ‘ಸ್ವಿಸ್ ಮೇಡ್’ ಎಂಬ ಪುಟ್ಟ ಅಕ್ಷರಗಳು ನಿಮಿಷದ ಗೆರೆಗಳ ನಡುವೆ ಅಳತೆಯಾಗಿ ಕೂತಿರಬೇಕು. ಬಳಿದ ಡಯಲ್ಲಿನಲ್ಲಿ ಅವು ಒಂದು ಪಕ್ಕಕ್ಕೆ ಸರಿದಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ಕಂಪನಿಯ ಹೆಸರಿನ ಅಕ್ಷರಗಳ ಕಾಲುಗಳು ಹಿಗ್ಗಿಸಿದಾಗಲೂ ಚೂಪಾಗಿರಬೇಕು. ಬುಡದಲ್ಲಿ ಶಾಯಿ ದಪ್ಪಗಟ್ಟಿದಂತೆ ಕಂಡರೆ ಸರಿಯಿಲ್ಲ. ಗಂಟೆ ತೋರಿಸಲು ಅಂಟಿಸಿದ ಚಿನ್ನದ ಗೂಟಗಳ ಬುಡದಲ್ಲಿ ಬಣ್ಣ ತುಂಬಿ ನಿಂತಿದ್ದರೆ, ಗೂಟ ಕೀಳದೆಯೇ ಬಳಿದಿದ್ದಾರೆ. ನಿಮಿಷದ ಗೆರೆ ಒಂದು ಕಡೆ ಡಯಲ್ಲಿನ ಅಂಚು ಮುಟ್ಟಿ ಇನ್ನೊಂದು ಕಡೆ ದೂರವಿದ್ದರೆ ಅಚ್ಚು ಓರೆಯಾಗಿ ಬಿದ್ದಿದೆ.

ಓರೆ ಬೆಳಕಿನ ಫೋಟೋದಲ್ಲಿ ಒಂದಿಷ್ಟು ಚುಕ್ಕೆ, ಅಂಚಿನಲ್ಲಿ ಕಂದು ಬಣ್ಣ ಕಂಡರೆ ನಮಗೆ ಸಮಾಧಾನ. ಅದು ವಯಸ್ಸು. ಮುಳ್ಳು ಮತ್ತು ಅಂಕಿಗಳ ಮೇಲೆ ಕಂದು ಬಣ್ಣದ ಹೊಳಪು ಪುಡಿ ಇದ್ದು, ವಾಚು 1960ಕ್ಕಿಂತ ಹಳೆಯದಾದರೆ ಅದು ರೇಡಿಯಂ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಗಾಜು ಮುಚ್ಚಿದ್ದರೆ ಕಟ್ಟಬಹುದು. ಮನೆಯಲ್ಲಿ ಗಾಜು ತೆಗೆದು ಕೆರೆಯುವ ಸಾಹಸ ಮಾತ್ರ ಬೇಡ, ಆ ಪುಡಿ ಉಸಿರಿನಲ್ಲಿ ಹೋಗಬಾರದು.

ಪ್ರಶ್ನೆ: ಇಂಗ್ಲೆಂಡಿನ ಚಿನ್ನದ ವಾಚುಗಳ ಬೆನ್ನಿನಲ್ಲಿ ಯಾರದೋ ಹೆಸರು, ‘25 ವರ್ಷದ ಸೇವೆಗಾಗಿ’ ಎಂಬ ಬರಹ ಇರುತ್ತದೆ. ಅಳಿಸಿದ್ದನ್ನು ಕೊಳ್ಳುವುದು ಮೇಲೋ, ಇದ್ದದ್ದೋ?
– ಓದುಗರು, ಧಾರವಾಡ

ಉತ್ತರ: ಇದ್ದದ್ದೇ ಮೇಲು. ಕಂಪನಿಗಳು ನಿವೃತ್ತಿಗೆ ಕೊಡುತ್ತಿದ್ದ ಈ ವಾಚುಗಳನ್ನು ಎಷ್ಟೋ ಜನ ಡ್ರಾಯರಿನಲ್ಲೇ ಇಟ್ಟರು, ಹಾಗಾಗಿ ಸವೆತ ಕಡಿಮೆ. ಬರಹವಿದ್ದರೆ ಬೆಲೆಯೂ ಕಡಿಮೆ, ನಿಮಗೆ ಲಾಭ. ಅಳಿಸಿದ್ದೆಂದರೆ ಕೆತ್ತನೆಯ ಆಳದಷ್ಟು ಚಿನ್ನ ಉಜ್ಜಿ ತೆಗೆದಿದ್ದಾರೆ. ಬೆನ್ನು ತೆಳ್ಳಗಾಗಿ ಹೆಬ್ಬೆರಳಿಗೆ ಬಗ್ಗುತ್ತದೆ. ಪರೀಕ್ಷೆ ಸುಲಭ. ಬೆನ್ನನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಅದರ ಪ್ರತಿಬಿಂಬ ನೋಡಿ. ಮುಟ್ಟದ ಬೆನ್ನಿನಲ್ಲಿ ಬೆಳಕಿನ ಪಟ್ಟಿ ಒಂದೇ ಸಮ ಹರಿಯುತ್ತದೆ. ಉಜ್ಜಿದ್ದರಲ್ಲಿ ನಡುವೆ ಹೊಂಡಕ್ಕೆ ಬಿದ್ದಂತೆ ವಕ್ರವಾಗುತ್ತದೆ.

ಕೇಸಿನ ಕಾಲುಗಳಿಗೂ ಇದೇ ಕಣ್ಣು ಬೇಕು. ಹೊಳಪು ಹಿಡಿಸುವ ಚಕ್ರಕ್ಕೆ ಹತ್ತು ಸಲ ಕೊಟ್ಟ ಕೇಸಿನಲ್ಲಿ ಚೂಪು ಅಂಚುಗಳು ಸೋಪಿನ ಬಿಲ್ಲೆಯಂತೆ ದುಂಡಗಾಗಿರುತ್ತವೆ. ಕಾಲಿನ ಮೇಲಿನ ಹೆಲ್ವೇಷಿಯಾ ಮುದ್ರೆಯ ಮೂಗು ಬಾಯಿ ಕಾಣದಿದ್ದರೆ ಅಷ್ಟು ಚಿನ್ನ ಗಾಳಿಗೆ ಹೋಗಿದೆ. ಗೀರಿದ್ದರೂ ಅಂಚು ಇರುವ ಕೇಸನ್ನೇ ಆರಿಸಿ. ಹೋದ ಅಂಚನ್ನು ಮತ್ತೆ ತರಲು ಚಿನ್ನ ಬೆಸೆಯಬೇಕು, ಆ ಖರ್ಚಿಗೆ ಇನ್ನೊಂದು ವಾಚೇ ಬರಬಹುದು.

ಪ್ರಶ್ನೆ: ‘ಪರಿಶೀಲಿಸಿದಾಗ ನಡೆಯುತ್ತಿತ್ತು’ ಎಂದು ವರದಿಯಲ್ಲಿದೆ. ನಂಬಬಹುದೇ?
– ಓದುಗರು, ಮಂಗಳೂರು

ಉತ್ತರ: ನಂಬಿ, ಅದು ನಿಜವೇ. ಅಲ್ಲಾಡಿಸಿದರು, ಟಿಕ್ ಟಿಕ್ ಎಂದಿತು, ಅಷ್ಟು. ಸಮಯ ಸರಿಯಾಗಿ ತೋರಿಸುತ್ತದೆ ಎಂದು ಅವರು ಹೇಳಿಲ್ಲ. ಸರ್ವಿಸ್ ಮಾಡಿಸಿದ ರಸೀದಿ ಕಣ್ಣೆದುರಿಗೆ ಇಲ್ಲದಿದ್ದರೆ ಪೂರ್ತಿ ಸರ್ವಿಸಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಕೂಗಿ. ಎಣ್ಣೆ ಒಣಗಿದ ಮಿಷಿನ್ನು ಹಲವು ವರ್ಷ ನಡೆಯುತ್ತಲೇ ಇರುತ್ತದೆ. ಆದರೆ ಗಾಲಿಗಳ ಸೂಜಿಮೊನೆ ಒಣಗಿಯೇ ತಿರುಗಿ ಸವೆಯುತ್ತದೆ, ಸವೆದ ಪುಡಿಯೇ ಮುಂದೆ ಮರಳುಕಾಗದದ ಕೆಲಸ ಮಾಡುತ್ತದೆ.

ಮುನ್ನಾ ದಿನ ನೋಡಲು ಹೋದರೆ ಟೈಮ್‌ಗ್ರಾಫರ್ (ವಾಚಿನ ನಡಿಗೆ ಅಳೆಯುವ ಯಂತ್ರ) ಇದೆಯೇ ಎಂದು ಕೇಳಿ. ಪೂರ್ತಿ ಕೀ ಕೊಟ್ಟು, ಡಯಲ್ಲು ಮೇಲೆ ಮಾಡಿ ಮಲಗಿಸಿದಾಗ ತೂಗುಚಕ್ರದ (ಅತ್ತಿತ್ತ ತೂಗಿ ಸಮಯ ಅಳೆಯುವ ಚಕ್ರದ) ಬೀಸು 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ. 200ಕ್ಕಿಂತ ಕೆಳಗಿದ್ದರೆ ಸರ್ವಿಸ್ ಬೇಕೇ ಬೇಕು. ಆ ಯಂತ್ರಕ್ಕೆ ಲಿಫ್ಟ್ ಆಂಗಲ್ ಎಂಬ, ಮಿಷಿನ್ನಿನಿಂದ ಮಿಷಿನ್ನಿಗೆ ಬೇರೆಯಾಗುವ ಕೋನ ಹೇಳಿಕೊಡಬೇಕು. ಹೇಳದಿದ್ದರೆ ತಾನಾಗಿ 52 ಎಂದುಕೊಳ್ಳುತ್ತದೆ. ಓಮೆಗಾ ಕಾನ್‌ಸ್ಟಲೇಷನ್‌ನಲ್ಲಿ ಬರುವ 551, 561, 564 ಮಿಷಿನ್ನುಗಳಿಗೆ ಅದು 49. ತಪ್ಪಿ 52 ಇಟ್ಟರೆ ಬೀಸು ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಬಡವ ಸಿರಿವಂತನಾಗಿ ಕಾಣುತ್ತಾನೆ. ಈ ಆಟೋಮ್ಯಾಟಿಕ್ಕುಗಳಲ್ಲಿ ಬೆನ್ನುಮುಚ್ಚಳದ ಒಳಬದಿಯನ್ನೂ ನೋಡಿ. ಅರ್ಧಚಂದ್ರಾಕಾರದ ಗೀರುಗಳಿದ್ದರೆ ರೋಟರಿನ (ಕೈ ಆಡಿದಂತೆ ತಿರುಗಿ ಕೀ ಕೊಡುವ ತೂಕದ) ಅಚ್ಚು ಸವೆದು ಅದು ಮುಚ್ಚಳಕ್ಕೆ ತಾಗುತ್ತಿದೆ.

ದಿನಕ್ಕೆ ಹತ್ತು ನಿಮಿಷ ಮುಂದೆ ಓಡಿದರೆ ಮಾತ್ರ ಗಾಬರಿಯಾಗಬೇಡಿ. ಬಹಳ ಸಲ ಅದು ಅಯಸ್ಕಾಂತ ಹಿಡಿದ, ತೂಗುಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗು, ರಿಪೇರಿಯವರ ಮೇಜಿನ ಮೇಲೆ ಒಂದು ನಿಮಿಷದ ಕೆಲಸ.

ಪ್ರಶ್ನೆ: ಜಿನೀವಾ ಹರಾಜಿನಲ್ಲಿ ಇಲ್ಲಿಂದಲೇ ಕೂಗಿ 18 ಕ್ಯಾರೆಟ್ ವಾಚು ತರಿಸಬೇಕೆಂದಿದ್ದೇನೆ. ಯಾವ ತೊಡಕುಗಳಿವೆ?
– ಓದುಗರು, ಬೆಂಗಳೂರು

ಉತ್ತರ: ದೊಡ್ಡ ಮನೆಗಳ ಜಿನೀವಾ ಹರಾಜು ಸಾಮಾನ್ಯವಾಗಿ ಮೇ ಮತ್ತು ನವೆಂಬರಿನಲ್ಲಿ. ಕಮಿಷನ್ ಶೇ 25ರಿಂದ 30ರ ನಡುವೆ ಎಂದಿಟ್ಟುಕೊಳ್ಳಿ.

ಹಣ ಕಳಿಸುವುದು ರಿಸರ್ವ್ ಬ್ಯಾಂಕಿನ, ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಇಂಥ ಖರೀದಿಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ವಾಪಸು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ. ಹರಾಜುಮನೆಗಳು ಹಣ ಕಟ್ಟಲು ಕೊಡುವ ಗಡುವು ಕೆಲವೇ ದಿನ. ಆದ್ದರಿಂದ ಬ್ಯಾಂಕಿನ ಅರ್ಜಿ, ಪ್ಯಾನ್ ಪ್ರತಿ ಇತ್ಯಾದಿಗಳನ್ನು ಹರಾಜಿಗೆ ಮೊದಲೇ ಸಿದ್ಧಪಡಿಸಿ.

ಸೀಮಾಸುಂಕ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿದರೆ ಭಾರ ಸಣ್ಣದಲ್ಲ. ದರಗಳು ಬಜೆಟ್ಟಿಗೊಮ್ಮೆ ಕದಲುವುದರಿಂದ, ಕೂಗುವ ವಾರದಲ್ಲೇ ಒಬ್ಬ ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಲೆಕ್ಕ ತರಿಸಿಕೊಳ್ಳಿ. ಚಿನ್ನದ ಕೇಸಿನ ವಾಚು, ಸ್ಟೀಲಿನ ವಾಚು ಸುಂಕದ ಪಟ್ಟಿಯಲ್ಲಿ ಬೇರೆ ಬೇರೆ ಶೀರ್ಷಿಕೆ, ಏಜೆಂಟರಿಗೆ ‘ಚಿನ್ನದ ಕೇಸು’ ಎಂದು ಬಿಡಿಸಿ ಹೇಳಿ. ಸಂಬಂಧಿಕರ ಕೈಗೆ ಕಟ್ಟಿ ಕಳಿಸಿದರಾಯಿತು ಎನ್ನುವವರೂ ಇದ್ದಾರೆ. ಸುಂಕವಿಲ್ಲದ ಮಿತಿ ದಾಟಿದ ವಾಚನ್ನು ಕೆಂಪು ದಾರಿಯಲ್ಲಿ ಹೋಗಿ ತೋರಿಸಬೇಕು. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದರೆ ವಾಚೂ ಹೋಗಿ ದಂಡವೂ ಬೀಳುತ್ತದೆ.

ಯಾರೂ ನೆನಪಿಸದ ತೊಡಕು ಬೆಲ್ಟು. ಒಳ್ಳೆಯ ಚಿನ್ನದ ವಾಚಿಗೆ ಮೊಸಳೆ ಚರ್ಮದ ಬೆಲ್ಟು ಹಾಕಿ ಫೋಟೋ ತೆಗೆಯುತ್ತಾರೆ. ಮೊಸಳೆ, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಬರುವ ಪ್ರಾಣಿ. ಪರವಾನಗಿ ಇಲ್ಲದೆ ಬಂದರೆ ನಾಲ್ಕು ಬೆರಳಿನಷ್ಟು ಚರ್ಮಕ್ಕಾಗಿ ಇಡೀ ಪೊಟ್ಟಣ ಕಸ್ಟಮ್ಸಿನಲ್ಲಿ ಕೂರುತ್ತದೆ. ‘ಬೆಲ್ಟು ಬಿಚ್ಚಿ ಕಳಿಸಿ, ಬಕಲ್ಲು ಮಾತ್ರ ಇರಲಿ’ ಎಂದು ಬರೆಯಿರಿ. ಬಕಲ್ಲು ಚಿನ್ನದ್ದಾದರೆ ಅದನ್ನು ಮರೆಯಬೇಡಿ, ಅದಕ್ಕೂ ಬೆಲೆಯಿದೆ.

ಪ್ರಶ್ನೆ: ಕಂಪನಿಯ ಹಳೆಯ ದಾಖಲೆಯ ಪ್ರತಿ ಜೊತೆಗಿದ್ದರೆ ಅಸಲಿ ಎಂದು ಕಣ್ಣುಮುಚ್ಚಿ ಕೊಳ್ಳಬಹುದಲ್ಲವೇ?
– ಓದುಗರು, ದುಬೈ

ಉತ್ತರ: ಕಣ್ಣು ತೆರೆದೇ ಇರಲಿ. ಸ್ವಿಸ್ ವಾಚು ಕಂಪನಿ ಪಾಟೆಕ್ ಫಿಲಿಪ್ ಕೊಡುವ ದಾಖಲೆಯ ಪ್ರತಿಯಲ್ಲಿ ಮಿಷಿನ್ನಿನ ನಂಬರು, ಕೇಸಿನ ನಂಬರು, ಮಾದರಿ, ತಯಾರಾದ ವರ್ಷ, ಮಾರಾಟವಾದ ದಿನ ಇರುತ್ತದೆ. ಆ ದಿನ ಕಾರ್ಖಾನೆಯಿಂದ ಏನು ಹೊರಟಿತು ಎಂಬುದಕ್ಕೆ ಅದು ಸಾಕ್ಷಿ. ಈಗ ನಿಮ್ಮೆದುರು ಇರುವ ಡಯಲ್ಲು, ಮುಳ್ಳು, ಕಿರೀಟ (ಕೀ ಕೊಡುವ ಗುಂಡಿ) ಅವೇ ಎಂಬುದಕ್ಕೆ ಅಲ್ಲ. ಪ್ರತಿಯಲ್ಲಿರುವ ಎರಡೂ ನಂಬರನ್ನು ಫೋಟೋದಲ್ಲಿ ನೀವೇ ಓದಿ ತಾಳೆ ನೋಡಬೇಕು.

2021ರ ನವೆಂಬರಿನಲ್ಲಿ ಜಿನೀವಾದಲ್ಲಿ ಒಂದು ಓಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಮಾರಾಟವಾಯಿತು. ಕೊಂಡದ್ದು ಓಮೆಗಾ ಮ್ಯೂಸಿಯಮ್ಮೇ. ಅದು ಬೇರೆ ಬೇರೆ ವಾಚುಗಳ ಭಾಗ ಜೋಡಿಸಿ ಮಾಡಿದ್ದು, ತನ್ನ ಹಳೆಯ ನೌಕರರ ಕೈವಾಡ ಅದರಲ್ಲಿತ್ತು ಎಂದು 2023ರಲ್ಲಿ ಓಮೆಗಾ ಕಂಪನಿಯೇ ಹೇಳಬೇಕಾಯಿತು. ಅದು ಸ್ಟೀಲಿನ ವಾಚು, ಚಿನ್ನದ್ದಲ್ಲ. ಆದರೆ ಕೇಸಿಗೂ ಮಿಷಿನ್ನಿಗೂ ಮದುವೆ ಮಾಡಿಸುವ ವಿದ್ಯೆ ಲೋಹ ನೋಡುವುದಿಲ್ಲ.

ಪ್ರಶ್ನೆ: ಗೆದ್ದ ವಾಚಿಗೆ ಬೆಲ್ಟು ಸಿಗುತ್ತಿಲ್ಲ. 16 ಸಡಿಲ, 18 ಕೂರುವುದಿಲ್ಲ. ಗಾಜೂ ಮಸುಕಾಗಿದೆ.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮದು 17 ಮಿಲಿಮೀಟರು, ಆ ಕಾಲದ ವಾಚುಗಳಲ್ಲಿ ಬಹಳ ಸಿಗುವ ಅಳತೆ. ಅಂಗಡಿಯಲ್ಲಿ ಸಿಗದಿದ್ದರೆ 18ರ ಮೆತ್ತನೆ ಚರ್ಮದ ಬೆಲ್ಟು ತಂದು ಎರಡೂ ಪಕ್ಕ ಅರ್ಧರ್ಧ ಮಿಲಿಮೀಟರು ಕೆತ್ತಿಸಿ. ಕಾಲುಗಳ ನಡುವೆ ಬೆಸೆದ ಕಡ್ಡಿ ಇದ್ದರೆ ತುದಿ ತೆರೆದು ಅಂಟಿಸುವ ಬೆಲ್ಟು ಬೇಕು. ಕಡ್ಡಿ ಕತ್ತರಿಸಲು ಯಾರಿಗೂ ಬಿಡಬೇಡಿ.

ಗಾಜು ಅಕ್ರಿಲಿಕ್ ಆಗಿರುತ್ತದೆ. ಅಕ್ರಿಲಿಕ್ ಪಾಲಿಶ್ ಪೇಸ್ಟನ್ನು ಅವರೆಕಾಳಿನಷ್ಟು ಹತ್ತಿ ಬಟ್ಟೆಗೆ ಹಚ್ಚಿ ನಾಲ್ಕೈದು ನಿಮಿಷ ಸುತ್ತ ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ. ಮೊದಲು ಚಿನ್ನದ ಅಂಚಿಗೆ ಕಾಗದದ ಟೇಪು ಸುತ್ತಿಕೊಳ್ಳಿ. ಓಮೆಗಾ ಆದರೆ ಗಾಜಿನ ನಟ್ಟನಡುವೆ ಸಾಸಿವೆಗಿಂತ ಸಣ್ಣ ಕಂಪನಿ ಚಿಹ್ನೆ ಇದೆಯೇ ನೋಡಿ. ಇದ್ದರೆ ಅದು ಕಂಪನಿಯದೇ ಗಾಜು, ಬದಲಿಸುವ ಅವಸರ ಬೇಡ.